ಗಿಂತ

ಆನಂದಪುರದ ಅಕ್ಕಿ ಗಿರಣಿಯ ಗೋಡೆ ನೇರಳೆ ಕಂಪನಿಯದು,
ಎದುರಿನ ಸೊಸೈಟಿ ಗೋಡೆ ಹಳದಿಯವರದು.
ಎರಡನ್ನೂ ಬರೆದವನು ನಾನೇ, ಟೀಕಪ್ಪ;
ಮೂಲೆಯಲ್ಲಿ ನನ್ನ ನಂಬರೂ ಇದೆ.
ಚದರಡಿಗೆ ಹದಿನಾಲ್ಕು ರೂಪಾಯಿ, ಬಣ್ಣ ಅವರದೇ.
ನಡುವೆ ಸಾಗರದ ಬಸ್ಸು ಹಾದುಹೋಗುತ್ತದೆ:
ಎಡಗಿಟಕಿಯವರಿಗೆ ಒಬ್ಬ ನಂಬರ್ ಒನ್,
ಬಲಗಿಟಕಿಯವರಿಗೆ ಇನ್ನೊಬ್ಬ.

ನೇರಳೆಯವರು ಕೊಟ್ಟ ಸಾಲು
‘ಹಳದಿಗಿಂತ ಐದು ಪಟ್ಟು ವೇಗ’.
ವೇಗದ ಹೆಗಲ ಮೇಲೊಂದು ಚುಕ್ಕಿ.
ಸೂಪರ್‌ವೈಸರ್ ಹುಡುಗ ಕಿರುಬೆರಳ ಉಗುರು ತೋರಿಸಿದ:
‘ಇಷ್ಟೇ ಅಣ್ಣ. ಇರಬೇಕು, ಕಾಣಬಾರದು.’
ಆ ಚುಕ್ಕಿಯ ಜೋಡಿ ಗೋಡೆಯ ತಳದಲ್ಲಿ,
ಎಮ್ಮೆಗಳು ಮೈ ಉಜ್ಜುವ ಎತ್ತರದಲ್ಲಿ:
ಷರತ್ತುಗಳು ಅನ್ವಯಿಸುತ್ತವೆ.
ಎರಡನೇ ನಂಬರಿನ ಬ್ರಷ್ಷು. ಉಸಿರು ಬಿಗಿಹಿಡಿದು ಬರೆದೆ.
ದೊಡ್ಡಕ್ಷರ ಯಾರಾದರೂ ಬರೆದಾರು, ಮಾರಾಯ್ರೇ,
ಕಾಣದ ಹಾಗೆ ಬರೆಯುವುದಕ್ಕೆ ಕೈ ಪಳಗಿರಬೇಕು.

ಮೇಲೆ ರಾಜ್ಯದ ನಕ್ಷೆ, ತುಂಬ ನೇರಳೆ.
ಎದುರು ಗೋಡೆಯಲ್ಲೂ ಅದೇ ನಕ್ಷೆ, ತುಂಬ ಹಳದಿ.
ಹೊಳೆಯಾಚೆ, ಹಿನ್ನೀರಿನ ಬಾಯಲ್ಲಿ,
ಅಕ್ಕ ಗುತ್ಯಮ್ಮನ ಊರು. ಹನ್ನೊಂದು ಮನೆ.
ಅಲ್ಲಿಗೆ ಬಂದಾಗ ಎರಡು ಸಲವೂ ಬ್ರಷ್ಷು ನಿಂತಿತು.
ಅವಳ ಫೋನು ಮನೆಯಲ್ಲಿರುವುದಿಲ್ಲ.
ಗುಡ್ಡದ ಹೊನ್ನೆಮರದ ಕೊಂಬೆಗೆ
ಹಾಲಿನ ಕವರಿನಲ್ಲಿ ಕಟ್ಟಿ ತೂಗುಹಾಕಿದ್ದಾರೆ.
ಮರ ಕೂಗಿದರೆ ದನ ಕಾಯುವ ಹುಡುಗ ಓಡುತ್ತಾನೆ:
‘ಗುತ್ಯಕ್ಕಾ, ನಿಂಗೇ!’
ಅವಳು ಏದುಸಿರು ಬಿಡುತ್ತ ಹತ್ತುವಷ್ಟರಲ್ಲಿ ಕಟ್ಟು.
ಅಪ್ಪ ಹೋದ ಸುದ್ದಿಯನ್ನು ಮೊದಲು ಕೇಳಿದ್ದು ಆ ಮರ.

ಸಾಸಿವೆಯಷ್ಟು ಜಾಗ ಬಣ್ಣ ಹಚ್ಚದೆ ಬಿಡಲೇ ಅನ್ನಿಸಿತು.
ಬಿಡಲಿಲ್ಲ.
ಚದರಡಿ ಲೆಕ್ಕದಲ್ಲಿ ಸಾಸಿವೆಗೂ ದುಡ್ಡಿದೆ.

ಆಮೇಲೆ ದಿಲ್ಲಿಯಲ್ಲಿ ಕೇಸಾಯಿತಂತೆ.
ಹಳದಿಯವರ ವಕೀಲರು ಮುಂದಿಟ್ಟ ಫೋಟೋಗಳಲ್ಲಿ
ನಮ್ಮ ಗಿರಣಿಯದೂ ಒಂದಂತೆ.
ಹಾಗಿದ್ದರೆ ನನ್ನ ನಂಬರೂ ಕೋರ್ಟು ಕಂಡಿದೆ;
ಯಾರೂ ಫೋನ್ ಮಾಡಲಿಲ್ಲ.
ತೀರ್ಪು ಸೂಪರ್‌ವೈಸರ್ ಬಾಯಲ್ಲಿ ಇಲ್ಲಿಗೆ ತಲುಪಿದ್ದು ಹೀಗೆ:
ನಿನ್ನನ್ನು ನೀನು ಎಷ್ಟು ಬೇಕಾದರೂ ಹೊಗಳಿಕೋ,
ಪಕ್ಕದವನ ಹೆಸರು ಹಿಡಿಯಬೇಡ.
ಉಬ್ಬಿಸಿದರೆ ವ್ಯಾಪಾರ, ಹೋಲಿಸಿದರೆ ತಪ್ಪು.
ನಕ್ಷೆಯ ಮಾತು ಯಾರೂ ಎತ್ತಲಿಲ್ಲ.
ಎರಡು ಕಡೆಯವರದೂ ಒಂದೇ ಥರ ತುಂಬಿತ್ತಲ್ಲ.

ಏಣಿ ಹೊತ್ತು ಮತ್ತೆ ಬಂದೆ.
ಅಳಿಸುವುದಕ್ಕೂ ಅದೇ ಹದಿನಾಲ್ಕು.
ಸುಣ್ಣ ಬಿದ್ದದ್ದು ಒಂದೇ ಪದದ ಮೇಲೆ, ‘ಹಳದಿಗಿಂತ’.
ಉಳಿಯಿತು ‘ಐದು ಪಟ್ಟು ವೇಗ’,
ಅದರ ಹಿಂದೆ ಒಂದು ಆಳುದ್ದದ ಬಿಳಿ.
ಯಾವುದಕ್ಕಿಂತ?

ಬಸ್ಸಿಗೆ ಕಾಯುವ ಹುಡುಗರು ಬಿಡುತ್ತಾರೆಯೇ?
ಮೊದಲ ವಾರ ಇದ್ದಿಲಲ್ಲಿ ‘ಬಸವನಹುಳುವಿಗಿಂತ’.
ಅದನ್ನು ಒರೆಸಿದರೆ ‘ಗಣಿತದ ಮೇಷ್ಟ್ರಿಗಿಂತ’.
ಆ ಮೇಷ್ಟ್ರೇ ಬಂದು ನಿಂತು ಓದಿ,
‘ಗಿಂತ’ದ ಸೊನ್ನೆ ತಪ್ಪಿದೆ ಎಂದು ತಿದ್ದಿ ಹೋದರು.
ಗಿರಣಿಯ ಹಮಾಲಿ ಬುಡನ್ ಸಾಬರಿಗೆ ಓದು ಬಾರದು;
ಖಾಲಿ ಜಾಗ ಸವರಿ ಕೇಳಿದರು,
‘ಇಲ್ಲಿ ಯಾರಿದ್ರು, ಟೀಕಪ್ಪ?’

ಎರಡನೇ ಕೋಟು ಹೊಡೆಯುವಾಗ ಅಕ್ಕನ ಫೋನು ಬಂತು.
‘ಗೋಡೆ ಅಳಿಸ್ತಿದೀಯಂತೆ? ನಮ್ಮೂರೂ ಹೋಯ್ತಾ?’
‘ಇಲ್ಲಕ್ಕ, ನೀನು ಎರಡರ ಒಳಗೂ ಇದ್ದೀಯ.’
‘ಎರಡರ ಒಳಗೂ? ಮತ್ತೆ ನಾನ್ಯಾಕೆ
ಕೊಂಬೆ ಬಗ್ಗಿಸಿ ಹಿಡ್ಕಂಡು ನಿಂತಿದೀನಿ? ಬೇಗ ಹೇ’

ಅಷ್ಟೇ.
ಏಣಿಯ ಮೇಲೆ ನಿಂತೇ ಇದ್ದೆ, ಕಿವಿಗೆ ಸುಣ್ಣ ಮೆತ್ತಿಕೊಂಡು,
‘ಹಲೋ, ಹಲೋ’ ಎನ್ನುತ್ತ,
ಎರಡು ನಂಬರ್ ಒನ್‌ಗಳ ನಡುವೆ.