ಕಥಿತ

ಅರ್ಜಿ ಮರಾಠಿಯೊಳಗ ಐತಿ.
ದೇಗಾಂವಕರ ವಕೀಲರು ಓದತಾರ,
ನಾ ಕನ್ನಡದಾಗ ಕೇಳಿಸ್ಕೋತೀನಿ:
'ಲಸೀಕರಣಾನಂತರ ಕಥಿತ ಇಜಾ.'
ಇಜಾ ತಿಳೀತು. ಕಥಿತ ಅಂದ್ರೇನ್ರಿ?
ಚಾಳೀಸಿನ ಮ್ಯಾಲಿಂದ ನೋಡಿದ್ರು.
'ಅದು ನೀವು ಹೇಳೂದು, ಬಾಯಿ. ಇನ್ನಾ ಖರೆ ಆಗಿಲ್ಲ.'

ಇನ್ನಾ ಖರೆ ಆಗದ ಕೈ
ಉಡಿಯೊಳಗ ಕುಂತೈತಿ, ಮಂದಿ ಕೂಸಿನ್ಹಂಗ.
ಕುಂಭಾರಿ ಬಸ್ಸಿನ್ಯಾಗ ಬಾಜೂದಾಕಿ
'ಕೈ ಅಟ ಸರಸ್ರಿ' ಅಂದ್ಲು.
ಎಡಗೈಲೆ ಎತ್ತಿ ಇತ್ತಾಗ ಇಟಗೊಂಡೆ.

ದಿನಕ್ಕ ಸಾವಿರ ಬೀಡಿ, ಹದಿನೆಂಟು ವರ್ಷ.
ವಕೀಲರು ಲೆಕ್ಕ ಹಾಕ್ಯಾರ:
ಸಾವಿರಕ್ಕ ಇಷ್ಟು, ತಿಂಗಳಿಗೆ ಇಷ್ಟು,
ಅರವತ್ತು ತುಂಬೂತನಕ ಇಷ್ಟು.
ನನ್ನ ಬೆರಳು ಹಿಂಗ ಯಾರೂ ಎಣಿಸಿರಲಿಲ್ಲ.
ರೊಟ್ಟಿ ಬಡಿಯೂದು, ಮಗಳ ಹೆರಳು ಹಾಕೂದು
ಇದರಾಗ ಬರೂದಿಲ್ಲಂತ.
ರಸೀದಿ ಇಲ್ಲ.

ಸೂಜಿ ಚುಚ್ಚಿದಾಕಿ ಶಾಹೀನ ಸಿಸ್ಟರ್.
ಮಗಳು ಕೈಗೂಸಿದ್ದಾಗ
ಪೋಲಿಯೋ ಹನಿ ಹಾಕಿದಾಕೀನೂ ಆಕೀನ.
ಒಂದು ಶೀಶೆ, ಹತ್ತು ಮಂದಿ.
ಒಂಬತ್ತು ಮಂದಿ ಇವತ್ತೂ
ಕಟ್ಟೀಮ್ಯಾಲೆ ಕುಂತು ಎಲಿ ಕತ್ತರಸ್ತಾರ.
ಆಕಿ ಮ್ಯಾಲ ಸಿಟ್ಟಿಲ್ರಿ ಅಂದೆ.
ಮುಂದಿನ ತಿಂಗಳ ಮಗಳನ್ನ ನಾನ ಕರಕೊಂಡು ಹೋಗಿ
ಹಾಕಿಸಿಕೊಂಡು ಬಂದೆ ಅಂದೆ.
ವಕೀಲರು ಪೆನ್ನಿಗೆ ಟೋಪಿ ಹಾಕಿದ್ರು.

'ಎಷ್ಟನೇ ದಿನಕ್ಕ ಕೈ ಬಿತ್ತು?'
ಹನ್ನೊಂದಕ್ಕ, ಬುಧವಾರ.
ಮೊದಲ ಕತ್ತರಿ ಬಿತ್ತು, ಆಮ್ಯಾಲೆ ಕೈ.
'ನಾಕು ಅನ್ನಾಕ ಬರೂದಿಲ್ಲೇನ?'

ಬರತೈತಿ.
ಛಾಟ ಬೀಡಿ ಕಟ್ಟಿನ ನಡುವ ಮುಚ್ಚಿ
ಮುನಶಿ ಮುಂದ ಇಟ್ಟು
ಮಾರಿ ಒಂಚೂರೂ ಹಂದದಂಗ ನಿಂತಾಕಿ ನಾನು.
ಆದ್ರ ಬಾಯಿಂದ ಬಂದದ್ದು
ಹನ್ನೊಂದು.

ದೊಡ್ಡ ಡಾಕ್ಟರ್ ಬರದ ಚೀಟಿಯೊಳಗ
'ಆಗಿರಬಹುದು, ಆಗಿರಲಿಕ್ಕಿಲ್ಲ' ಐತಂತ.
ರಾತ್ರಿ ನಾನೂ ಅದನ್ನ ಅಂತೀನಿ,
ಭುಜದಾಗ ಸುಣ್ಣ ಕುದಿಯೂಮುಂದ.

'ನೀಲವ್ವಾ ಹತ್ತೂರೆ!'
ಎಡಗೈಲೆ ಬರದ ಸಹಿ
ಬ್ಯಾಂಕಿನ ಸಹಿಗೆ ಕೂಡವಲ್ದು.
'ಹೆಬ್ಬಟ್ಟು ಒತ್ರಿ' ಅಂದ ಕಾರಕೂನ.
ಯಾವ ಕೈದು?
'ಹೆಣ್ಮಕ್ಕಳದು ಬಲಗೈ.'

ಎಡಗೈಲೆ ಬಲಗೈ ಹಿಡಕೊಂಡು ಎತ್ತಿ,
ಮಸಿಗೆ ತಾಗಿಸಿ,
ಕಾಗದದ ಮ್ಯಾಲ ಇಟ್ಟೆ.
ಗೆರಿ ಮೊದಲ ಅರ್ಧ ಸವದಾವ, ಹದಿನೆಂಟು ವರ್ಷದ್ದು.

ಕಾರಕೂನ ಕಾಗದ ಬೆಳಕಿಗೆ ಹಿಡದ.
'ಮೂಡಿಲ್ಲ, ಬಾಯಿ. ಇನ್ನೊಮ್ಮಿ.
ಜೋರಲೆ ಒತ್ರಿ.'