ಹಸನಬ್ಬನ ಹೆಬ್ಬೆರಳು

ಮೊದಲ ದಿನವೇ ಮೂಲ್ಕಿ ಸೇತುವೆಯ ಮೇಲೆ
ಅದು ಬಾಲ ಬೀಸಿತು.
ಎಡಕ್ಕೊಮ್ಮೆ, ಬಲಕ್ಕೊಮ್ಮೆ,
ಮತ್ತೆ ಎಡಕ್ಕೆ, ಮೊದಲಿಗಿಂತ ಜಾಸ್ತಿ.
ಕನ್ನಡಿಯಲ್ಲಿ ನಮ್ಮದೇ ಮನೆ
ನಮ್ಮನ್ನು ಓವರ್‌ಟೇಕ್ ಮಾಡಲು ಹೊರಟ ಹಾಗೆ.
ಕೆಳಗೆ ಶಾಂಭವಿ. ಪಕ್ಕದಲ್ಲಿ
ಹಾರ್ನಿನಿಂದ ಕೈ ತೆಗೆಯದ ಉಡುಪಿ ಎಕ್ಸ್‌ಪ್ರೆಸ್.
ಹಿಂದಿನ ಸೀಟಿನಲ್ಲಿ ಅತ್ತೆ
ಎಲೆಯಡಿಕೆ ಚೀಲವನ್ನು ಎದೆಗೊತ್ತಿಕೊಂಡು
ಒಂದು ಮಾತೂ ಆಡಲಿಲ್ಲ.
ನನಗೆ ಹೆದರಿಕೆಯಾದದ್ದು ಅದಕ್ಕೆ.

ಮನೆ ಎಂದೆನಲ್ಲ, ಹದಿಮೂರಡಿಯ ತಗಡಿನ ಡಬ್ಬ.
ಬೈಕಂಪಾಡಿಯ ಶೆಡ್ಡಿನಲ್ಲಿ ನಾಲ್ಕು ತಿಂಗಳ ವೆಲ್ಡಿಂಗ್.
ಒಂದು ಮಂಚ, ಒಂದು ಒಲೆ, ನೂರು ಲೀಟರ್ ನೀರು,
ಮತ್ತು ಇದೆಲ್ಲ ಯಾವುದಕ್ಕಾಗಿಯೋ ಅದು:
ಒಂದು ಕಮೋಡು.
ಅತ್ತೆ ನೆಲಕ್ಕೆ ಕೂತರೆ ಮೊಣಕಾಲು ಏಳಗೊಡುವುದಿಲ್ಲ.
ಆರು ವರ್ಷದಿಂದ ಎಲ್ಲಿಗೂ ಹೋಗದೆ ಉಳಿದದ್ದು
ದೂರಕ್ಕೆ ಹೆದರಿ ಅಲ್ಲ,
ದಾರಿಯ ಪಾಯಖಾನೆಗಳಿಗೆ ಹೆದರಿ.
ಇದನ್ನು ನನಗೆ ಮಾತ್ರ ಹೇಳಿದ್ದು,
ಅದೂ ಬೇರೆ ಯಾವುದೋ ಜಗಳದ ನಡುವೆ.

ಕೂಳೂರಿನಲ್ಲಿ ಹಸನಬ್ಬನ ಟಯರಂಗಡಿ.
ಟ್ರೈಲರಿನ ಟಯರು ಸರಿ ಇಲ್ಲ, ಬದಲಿಸಿ ಎಂದೆ.
ಅವರು ಟ್ರೈಲರಿನ ಕಡೆ ನೋಡಲೇ ಇಲ್ಲ.
ಬೊಲೆರೊದ ಹಿಂದೆ ಕುಕ್ಕರಗಾಲಲ್ಲಿ ಕೂತು
ಟಯರಿನ ಕೆನ್ನೆಗೆ ಹೆಬ್ಬೆರಳು ಒತ್ತಿದರು,
ಹಲಸು ಹಣ್ಣಾಯಿತೋ ಎಂದು ನೋಡುವ ಹಾಗೆ.
"ಎಳೆಯುವವನ ಕಾಲು ಮೆತ್ತಗಿದ್ದರೆ
ಹಿಂದೆ ಬರುವವಳಿಗೆ ಬೈದು ಎಂತ ಪ್ರಯೋಜನ ಅಕ್ಕ?

ಇದು ಪೇಟೆಗೆ ಒಳ್ಳೆಯ ಟಯರೇ.
ಗುಂಡಿ ನುಂಗುತ್ತದೆ, ಸೊಂಟಕ್ಕೆ ಸುಖ.
ಹಿಂದಿನಿಂದ ಒಂದು ಟನ್ನು ಅಡ್ಡಕ್ಕೆ ತಳ್ಳಿದಾಗ
ಕೆನ್ನೆ ಮಡಚುತ್ತದೆ ಅಷ್ಟೆ.
ರಿಮ್ಮು ಒಂದು ಕಡೆ, ರಸ್ತೆ ಹಿಡಿದ ರಬ್ಬರು ಇನ್ನೊಂದು ಕಡೆ.
ಇಲ್ಲಿ ಎರಡು ಬೆರಳು ಜಾರಿದ್ದು
ಅಲ್ಲಿ ತುದಿಯಲ್ಲಿ ಎರಡು ಮೊಳ."

ಹುಡುಗ ನೌಷಾದ್ ಒಳಗಿನಿಂದ ಉರುಳಿಸಿಕೊಂಡು ಬಂದ
ದಪ್ಪ ಕೆನ್ನೆಯದು, ಚಂದವಿಲ್ಲದ್ದು.
ನನ್ನ ಬೆರಳನ್ನೇ ಅಕ್ಷರಗಳ ಮೇಲೆ ಆಡಿಸಿದೆ:
ಹೊರುವ ಭಾರದ ನಂಬರು, ಪದರದ ನಂಬರು,
ಕೊನೆಗೊಂದು ಪುಟ್ಟ ಚೌಕದಲ್ಲಿ ನಾಲ್ಕಂಕಿ,
ಹುಟ್ಟಿದ ವಾರ, ಹುಟ್ಟಿದ ವರ್ಷ.
"ಗೀರು ಆಳ ಉಂಟು ಅಂತ ನಂಬಬೇಡಿ,
ರಬ್ಬರು ಕೂತಲ್ಲೇ ಮುದಿಯಾಗುತ್ತದೆ."
ಆಮೇಲೆ ಟ್ರೈಲರಿನದ್ದನ್ನೂ ನೋಡಿದರು.
ಒಂದಿಷ್ಟೂ ಸವೆದಿಲ್ಲ. ಎಂಟು ವರ್ಷ.
ಹಾಗೆ ಎರಡು ಹೋಗಿ ಆರಾಯಿತು.
ನಾನು ಚೌಕಾಸಿ ಮಾಡಿದೆ. ಚಾ ತರಿಸಿದರು, ದರ ಇಳಿಸಲಿಲ್ಲ.

ಹೊರಡುವಾಗ ಬಾಗಿಲು ತೆಗೆದು ಇಣುಕಿ
ಹಸನಬ್ಬ ಹಣೆ ಬಡಿದುಕೊಂಡರು.
ತೀರ ಹಿಂದೆ ನೀರಿನ ಟ್ಯಾಂಕು,
ಅದರ ಪಕ್ಕ ಕುಚ್ಚಲಕ್ಕಿಯ ಮೂಟೆ,
ಮೂಟೆಯ ಪಕ್ಕ ಗೋಣಿ ಹೊದ್ದು
ಅತ್ತೆಯ ಕಡೆಯುವ ಕಲ್ಲು!
"ಮಿಕ್ಸಿಯ ಚಟ್ನಿ ನನಗೆ ಆಗುವುದಿಲ್ಲ," ಅತ್ತೆ ಜೀಪಿನಿಂದಲೇ.
"ಕಲ್ಲು ಬರಲಿ ಉಮ್ಮ," ಎಂದರು ಹಸನಬ್ಬ,
"ಚಕ್ರದಿಂದ ಮುಂದೆ ಕೂತು ಬರಲಿ."
ನಾಲ್ಕು ಜನ ಸೇರಿ ಅದನ್ನು ಮುಂದಕ್ಕೆ ಕೂರಿಸಿದೆವು,
ಮದುಮಗನನ್ನು ಕೂರಿಸಿದ ಹಾಗೆ.

ಮರುದಿನ ಬಿಸಿಲು ತಾಗುವ ಮೊದಲು,
ಟಯರು ತಣ್ಣಗಿರುವಾಗಲೇ ಗಾಳಿ ಅಳೆದು ಹೊರಟೆವು.
ಎಪ್ಪತ್ತು ದಾಟಿಸಲಿಲ್ಲ.
ಮೂಲ್ಕಿ ಸೇತುವೆಯ ಒಂದೊಂದು ಬೆಸುಗೆಯೂ
ಬೆನ್ನುಮೂಳೆಯಲ್ಲಿ ಲೆಕ್ಕ ಕೊಟ್ಟಿತು.
ಕಡಲ ಕಡೆಯಿಂದ ಗಾಳಿ. ಬಲಗಡೆಯಿಂದ ಮತ್ತದೇ ಬಸ್ಸು,
ಅಥವಾ ಅದರ ತಮ್ಮ.
ಕನ್ನಡಿಯಲ್ಲಿ ಮನೆ ಭುಜ ಒಮ್ಮೆ ಕೊಡವಿತು,
ಮತ್ತೆ ನಮ್ಮ ಹಿಂದೆಯೇ.

"ಗಡಗಡ ಜಾಸ್ತಿಯಾಯಿತು," ಅತ್ತೆ ಹೇಳಿದರು,
ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ,
ಒಂದು ಚೂರೂ ಚೆಲ್ಲದೆ.

ಹೆಜಮಾಡಿಯ ಟೋಲಿನಲ್ಲಿ ಹುಡುಗ
ಕಿಟಕಿಯಿಂದ ಅರ್ಧ ಹೊರಗೆ ಬಂದ.
ಇದಕ್ಕೆ ಎಷ್ಟು ಅಂತ ಹಾಕುವುದು?
ಲೋಡ್ ಎಂತ ಉಂಟು ಒಳಗೆ?
ನಾನು ಬಾಯಿ ತೆರೆಯುವ ಮೊದಲು
ಹಿಂದಿನ ಗಾಜು ಇಳಿಯಿತು.
"ಕಮೋಡು," ಎಂದರು ಅತ್ತೆ,
ಮೂರು ಸಾಲಿನ ವಾಹನಗಳಿಗೆ ಕೇಳುವ ಹಾಗೆ.