ಚಿಕ್ಕಿಗೊಂದು ಬಾಗಲಾ

ಇಳಕಲ್ ಸೀರಿಯ ಅಂಚಿಗೆ ಚಿಕ್ಕಿ ಹಾಕೂದು
ಮಗ್ಗದವ್ರಿಗೆ ಗೊತ್ತು. ನಾ ಹಾಕಿದ್ದು ಬ್ಯಾರೆ ಚಿಕ್ಕಿ:
ಡಿಎನ್ಎಸ್ ಖಾತೆಯೊಳಗ, ಚುಕ್ಕಿಯ ಎಡಕ್ಕ, ಒಂದ ಒಂದು.

ನಲವತ್ತೊಂದು ಮಗ್ಗ, ನಲವತ್ತೊಂದು ಅಂಗಡಿ.
ದಿನಾ ಒಬ್ಬಾಕಿ ಬಂದು ‘ನಂದೂ ಒಂದು ತೆಗಿ ತಮ್ಮಾ’ ಅಂದಾಗ
ಒಂದೊಂದ ಸಾಲು ಬರದು ಕಾಯೂದು ಬ್ಯಾಸರಾಗಿ
ಚಿಕ್ಕಿ ಇಟ್ಟೆ. ಅಂದ್ರ
ಚುಕ್ಕಿಯ ಮುಂದ ಯಾವ ಹೆಸರು ಕೂಗಿದ್ರೂ
ನಮ್ಮ ಸರ್ವರ್ ‘ಓ’ ಅಂತದ.

‘ಓ’ ಅನ್ನೂದು ಹಗುರ.
ಯಾರ ಮನಿಯಿಂದ ಅಂತು ಅನ್ನೂದು ಭಾರ.

ಅಂಬವ್ವ ಕೊಪ್ಪರದಗ ರಾತ್ರಿ ಒಂದೂವರಿಗೆ ಫೋನು:
‘ಯಕ್ಕಾ, ಪುಕಟ ಮಿಕ್ಸರ್ ಕೊಡ್ತೀರಂತಲ್ಲ?’
ಯಾವನೋ ನಮ್ಮ ಹೆಸರಿನ ಮುಂದ ‘ಫ್ರೀ-ಮಿಕ್ಸರ್’ ಅಂತ ಅಂಟಿಸಿ
ವಾಟ್ಸಾಪಿನ್ಯಾಗ ಹರಿಬಿಟ್ಟಿದ್ದ.
ಒತ್ತಿದ್ರ ತೆರಿಯೂದು ಅಂಬವ್ವನ ಅಂಗಡಿ, ಆಕಿ ಫೋಟೊ, ಆಕಿ ನಂಬರು.
ಯಾಕಂದ್ರ ‘ಅ’. ಯಾದಿಯೊಳಗ ಆಕೀನ ಮೊದಲು;
ಗುರ್ತಿಲ್ಲದವ್ರನ್ನೆಲ್ಲ ಸರ್ವರ್ ಮೊದಲ್ನೇ ಬಾಗಲಕ್ಕ ನೂಕತದ.

ಹನ್ನೊಂದು ದಿನ ತಡದ್ಲು. ಹನ್ನೆರಡನೇ ದಿನ
ಕೈಯಾಗಿನ ಲಾಳಿ ಕೈಯಾಗ ಇದ್ದಂಗ ನನ್ನ ಮಾಳಿಗಿ ಏರಿ ಬಂದ್ಲು.
‘ಬಾಗಲಾ ಬಡದವ್ರೆಲ್ಲ ಬೀಗರಲ್ಲೋ.
ಮೊದಲ್ನೇ ಮನಿ ಅಂದ್ರ ಧರ್ಮಛತ್ರ ಅಂತ ತಿಳದೀಯೇನು?’

ಅವತ್ತ ರಾತ್ರಿ ಕುಂತೆ.
ಬುಡದಾಗಿನ ಚಿಕ್ಕಿ ಕಿತ್ತು ‘ಮಗ್ಗ’ ಅನ್ನೂ ಟೊಂಗಿಗೆ ಕಟ್ಟಿದೆ;
ಮೇಲಿನ ಮ್ಯಾಲ, ಲೆಕ್ಕದ ಪುಟದ ಮ್ಯಾಲ ಇನ್ನ ಅದರ ನೆಳ್ಳು ಬೀಳಂಗಿಲ್ಲ.
ರೊಕ್ಕ ಕಟ್ಟೂದು ಬಿಟ್ಟ ಹಳೇ ಫೋಟೊ ಕಂಪನಿ ಕಡೆ
ಬಟ್ಟು ತೋರಸ್ತಿದ್ದ ಸಾಲು ಅಳಿಸಿದೆ, ನಾಳೆ ಅಲ್ಲಿ ಯಾರು ಕುಂತಾರೋ.
ಎಲ್ಲಾ ಮನಿಗೂ ಒಂದ ಸರ್ಟಿಫಿಕೇಟು, ಒಂದ ಕೀಲಿ:
ಅದನ್ನ ನನ್ನ ಲ್ಯಾಪ್‌ಟಾಪಿನಿಂದ ತಗದು
ಸರ್ವರ್‌ದ ಉಡಿಯೊಳಗ ಇಟ್ಟೆ.
ಆಮ್ಯಾಲ, ಅಂಬವ್ವನ ಮನಿಗಿಂತ ಮೊದಲು,
ಯಾರೂ ಇರದ ಒಂದು ಬಾಗಲಾ. ಅದರ ಮ್ಯಾಲ ಒಂದ ಸಾಲು:
ಈ ಹೆಸರಿನ ಮಗ್ಗ ಇಲ್ಲ.
ನಾನ್ನೂರಾ ನಾಕು.

ಈಗ ಆಕಿ ಫೋನು ಸುಮ್ಮನದ.
ನಾ ಲಾಗ್ ಓದತೀನಿ: ಅಡ್ಮಿನ್, ಟೆಸ್ಟ್, ಬ್ಯಾಕಪ್,
ಯಾವ್ಯಾವ ದೇಶದ ಯಂತ್ರಗೋಳು ಖಾಲಿ ಬಾಗಲಾ ಬಡದು ಹೋಗತಾವ.
ನಡಬರಕ, ದಿನಾ ಒಂಬತ್ತೂ ನಲವತ್ತಕ್ಕ, ಒಂದ ಫೋನಿನಿಂದ,
ಸುಶೀಲಾಬಾಯಿ.

ಅಂಬವ್ವನ್ನ ಕೇಳಿದೆ. ‘ಎರಡನೇ ಓಣ್ಯಾಕಿ.
ಹ್ವಾದ ವರ್ಷ ಮಗ್ಗ ಮಾರಿ ಸೂರೇಬಾನಕ್ಕ ಹೋದ್ಲು.’
‘ಮತ್ತ ಹುಡುಕವ್ರು ಯಾರು?’
ನೂಲು ಹರದಿತ್ತು, ಗಂಟ ಹಾಕಿದ್ಲು. ‘ಆಕಿಯಂಗ
ಟೋಪತೆನಿ ಸೆರಗು ಯಾರೂ ಹಾಕಲಿಲ್ಲ ನೋಡು.’

ಬಾಗಲಾ ಕೊರಿಲಿಲ್ಲ. ನಾನ್ನೂರಾ ನಾಕು ಹಂಗ ಅದ.
ಆ ಒಂದ ಸಾಲಿನೊಳಗ ಒಂದ ಶಬ್ದ ತೂರಿಸಿದೆ:
ಈ ಹೆಸರಿನ ಮಗ್ಗ ಈಗ ಇಲ್ಲ.

ಸರ್ವರ್ ರೀಲೋಡ್ ಮಾಡಿದೆ.
ಒಂಬತ್ತೂ ಮೂವತ್ತೆಂಟು.